ಅಗ್ಗದ ಪ್ರೊಸೆಸರ್‌ಗೆ ಹೆಚ್ಚಿನ ವೇಗ: ಮಲೆನಾಡಿನ ತಂಪು ಎಷ್ಟು ನೆರವಾದೀತು?

ಪ್ರೊಸೆಸರನ್ನು ಅದರ ತಯಾರಕರು ನಿಗದಿಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ಕ್ರಮಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಕಡಿಮೆ ಬೆಲೆಯ ಗಣಕಯಂತ್ರದಿಂದ ಹೆಚ್ಚಿನ ಕೆಲಸ ತೆಗೆಯಬಯಸುವ ಹವ್ಯಾಸಿಗಳಲ್ಲಿ ಎರಡು ದಶಕಗಳಿಗೂ ಮಿಕ್ಕಿ ರೂಢಿಯಲ್ಲಿರುವ ಈ ಕ್ರಮಕ್ಕೆ ಶಾಖವೇ ಮೊದಲ ಶತ್ರು. ಹಾಗಾದರೆ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮತ್ತು ಅದಕ್ಕೂ ಮೇಲಿನ ಎತ್ತರದಲ್ಲಿ, ವರ್ಷದ ಬಹುಪಾಲು ತಂಪಾಗಿರುವ ಸಕಲೇಶಪುರ, ಆಲೂರು ಸೀಮೆಯವರಿಗೆ ಇದು ಅನಾಯಾಸದ ಕೆಲಸವೇ? ಹೊಸ ಕೂಲರ್ ಕೊಳ್ಳುವ ಅಗತ್ಯವೇ ಇಲ್ಲವೇ?

ತಂಪು ನೆರವಾಗುವುದು ನಿಜ. ಆದರೆ ಎಷ್ಟು ನೆರವಾಗುತ್ತದೆ ಎಂಬುದನ್ನು ಅಳೆದೇ ತಿಳಿಯಬೇಕು. ತೋಟದ ಲೆಕ್ಕಪತ್ರ, ಮಕ್ಕಳ ವ್ಯಾಸಂಗ, ಹೋಂಸ್ಟೇ ಬುಕಿಂಗ್ ಎಲ್ಲವೂ ಮನೆಯ ಒಂದೇ ಗಣಕಯಂತ್ರವನ್ನು ಅವಲಂಬಿಸಿರುವಾಗ ಕೇವಲ ಊಹೆಯ ಮೇಲೆ ಅದಕ್ಕೆ ಕೈಹಾಕುವುದು ತರವಲ್ಲ.

ಬೆಳೆದು ಬಂದ ಬಗೆ

ಪ್ರೊಸೆಸರಿನ ವೇಗವು ಎರಡು ಸಂಖ್ಯೆಗಳ ಗುಣಲಬ್ಧ. ಒಂದು ಮೂಲ ಗಡಿಯಾರದ ವೇಗ, ಇನ್ನೊಂದು ಗುಣಕ. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ 66 ಮೆಗಾಹರ್ಟ್ಸ್ ಮೂಲ ವೇಗ ಮತ್ತು 4.5 ಗುಣಕದಿಂದ 300 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಮೂಲ ವೇಗವನ್ನು 100ಕ್ಕೆ ಏರಿಸಿದೊಡನೆ ಅದೇ ಅಗ್ಗದ ಪ್ರೊಸೆಸರ್ 450 ಮೆಗಾಹರ್ಟ್ಸ್ ಮುಟ್ಟುತ್ತಿತ್ತು. 2007ರಲ್ಲಿ ಬಂದ ಪೆಂಟಿಯಂ ಡ್ಯುಯಲ್ ಕೋರ್ ಇ2160 ಕೂಡ ಇದೇ ಕಾರಣಕ್ಕೆ ಹೆಸರಾಯಿತು. 1.8 ಗಿಗಾಹರ್ಟ್ಸ್‌ನ ಈ ಪ್ರೊಸೆಸರನ್ನು 3 ಗಿಗಾಹರ್ಟ್ಸ್‌ವರೆಗೆ ಒಯ್ದವರು ಹಲವರು.

2011ರಿಂದೀಚೆಗೆ ಪರಿಸ್ಥಿತಿ ಬದಲಾಯಿತು. ಇಂಟೆಲ್ ಸಂಸ್ಥೆಯು ಮೂಲ ವೇಗವನ್ನು ಬಹುಮಟ್ಟಿಗೆ 100 ಮೆಗಾಹರ್ಟ್ಸ್‌ಗೆ ಕಟ್ಟಿಹಾಕಿ, ಗುಣಕ ಬದಲಿಸುವ ಅವಕಾಶವನ್ನು ಮುಖ್ಯವಾಗಿ ಹೆಸರಿನ ಕೊನೆಯಲ್ಲಿ 'ಕೆ' ಅಕ್ಷರವಿರುವ ದುಬಾರಿ ಮಾದರಿಗಳಿಗೆ ಮೀಸಲಿಟ್ಟಿತು. ಎಎಂಡಿ ಸಂಸ್ಥೆಯ ಅಥ್ಲಾನ್ 3000ಜಿ, ರೈಜನ್ 5 5600ರಂತಹ ಮಾದರಿಗಳಲ್ಲಿ ಗುಣಕ ಮುಕ್ತವಾಗಿದೆ. ಆದರೆ ಮದರ್‌ಬೋರ್ಡ್ ಕೂಡ ಒಪ್ಪಬೇಕು. ಬಿ450, ಬಿ550 ಚಿಪ್‌ಸೆಟ್‌ಗಳಲ್ಲಿ ಈ ಸೌಲಭ್ಯವಿದೆ. ಎ320, ಎ520ರಲ್ಲಿ ಇಲ್ಲ. ಲ್ಯಾಪ್‌ಟಾಪ್‌ಗಳಲ್ಲಿ ಮತ್ತು ಕಚೇರಿಗಳಿಗಾಗಿ ಸಿದ್ಧಪಡಿಸಿದ ಬ್ರ್ಯಾಂಡೆಡ್ ಗಣಕಯಂತ್ರಗಳಲ್ಲಿ ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಮೊದಲು ಪರಿಶೀಲಿಸಬೇಕಾದದ್ದು ಇದನ್ನೇ.

ವೇಗಕ್ಕಿಂತ ಬೇಗ ಏರುವ ಶಾಖ

ವೇಗ ಏರಿಸಿದಾಗ ಪ್ರೊಸೆಸರ್ ಸ್ಥಿರವಾಗಿ ನಿಲ್ಲಲು ಹಲವು ವೇಳೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಪ್ರೊಸೆಸರ್ ಬಳಸುವ ವಿದ್ಯುತ್ತು ವೇಗಕ್ಕೆ ಅನುಗುಣವಾಗಿ ಏರಿದರೆ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ವೇಗವನ್ನು ಶೇ 10, ವೋಲ್ಟೇಜನ್ನು ಶೇ 10 ಏರಿಸಿದರೆ ವಿದ್ಯುತ್ ಬಳಕೆ ಸುಮಾರು ಶೇ 33 ಹೆಚ್ಚುತ್ತದೆ. 65 ವಾಟ್ ಬಳಸುತ್ತಿದ್ದ ಪ್ರೊಸೆಸರ್ 86 ವಾಟ್ ಬಳಸತೊಡಗುತ್ತದೆ. ಅಷ್ಟೂ ಶಾಖವಾಗಿಯೇ ಹೊರಬರುತ್ತದೆ. ಹತ್ತು ಪಾಲು ಲಾಭಕ್ಕೆ ಮೂವತ್ತಮೂರು ಪಾಲು ಶಾಖ ಎಂಬುದು ಈ ವ್ಯವಹಾರದ ಸಾರ.

ಮಲೆನಾಡಿನ ಲೆಕ್ಕ

ಗಾಳಿಯಿಂದ ತಣಿಯುವ ಪ್ರೊಸೆಸರಿನ ಉಷ್ಣತೆಯು ಕೋಣೆಯ ಉಷ್ಣತೆ ಮತ್ತು ಅದರ ಮೇಲಿನ ಏರಿಕೆ, ಈ ಎರಡರ ಮೊತ್ತ. ಉದಾಹರಣೆಗೆ, 24 ಡಿಗ್ರಿ ಸೆಲ್ಸಿಯಸ್ ಇರುವ ಕೋಣೆಯಲ್ಲಿ ಪೂರ್ಣ ಹೊರೆಯ ಪ್ರೊಸೆಸರ್ 74 ಡಿಗ್ರಿ ತೋರಿಸಿದರೆ ಏರಿಕೆ 50 ಡಿಗ್ರಿ. ಅದೇ ಯಂತ್ರವನ್ನು ಕಲಬುರಗಿಯ 40 ಡಿಗ್ರಿ ಬೇಸಿಗೆಯಲ್ಲಿ ಓಡಿಸಿದರೆ 90 ಡಿಗ್ರಿ ಮುಟ್ಟುತ್ತದೆ. ರೈಜನ್ 5 5600ಕ್ಕೆ ತಯಾರಕರು ಗೊತ್ತುಪಡಿಸಿದ ಗರಿಷ್ಠ ಮಿತಿಯೂ 90 ಡಿಗ್ರಿಯೇ. ಮಲೆನಾಡಿನ ತಂಪು ನೀಡುವ 16 ಡಿಗ್ರಿ ರಿಯಾಯಿತಿ ಸಣ್ಣದಲ್ಲ.

ಈಗ ಶೇ 33 ಹೆಚ್ಚು ಶಾಖವನ್ನು ಸೇರಿಸಿ ನೋಡಿ. ಏರಿಕೆ 50ರಿಂದ ಸುಮಾರು 66 ಡಿಗ್ರಿಗೆ ಹೋಗುತ್ತದೆ. 24 ಡಿಗ್ರಿ ಕೋಣೆಯಲ್ಲಿ 90. ಮಾರ್ಚ್, ಏಪ್ರಿಲ್‌ನಲ್ಲಿ ಕೋಣೆ 32 ಡಿಗ್ರಿ ಇದ್ದಾಗ 98. ಮಿತಿ ಮುಟ್ಟಿದೊಡನೆ ಪ್ರೊಸೆಸರ್ ತನ್ನ ರಕ್ಷಣೆಗಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಕಷ್ಟಪಟ್ಟು ಏರಿಸಿದ ವೇಗ ಕೈಗೆ ಸಿಗುವುದೇ ಇಲ್ಲ. ಆಷಾಢದ ಮಳೆಯಲ್ಲಿ ಹೊಂದಿಸಿದ ವೇಗ ಚೈತ್ರದ ಬಿಸಿಲಿನಲ್ಲಿ ಕೈಕೊಡುವುದು ಈ ಕಾರಣದಿಂದ. ಆದ್ದರಿಂದ ಬೇಸಿಗೆಯ ಮಧ್ಯಾಹ್ನವನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಎತ್ತರದ ಪ್ರದೇಶಕ್ಕೆ ಇನ್ನೊಂದು ವಿಶೇಷವಿದೆ. 900 ಮೀಟರ್ ದಾಟಿದ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಶೇ 9 ಕಡಿಮೆ. ಅದೇ ಫ್ಯಾನ್ ಅಷ್ಟೇ ವೇಗದಲ್ಲಿ ತಿರುಗಿದರೂ ಒಯ್ಯುವ ಶಾಖ ತುಸು ಕಡಿಮೆಯಾಗುತ್ತದೆ. ನಿಮ್ಮ ಮನೆಯಲ್ಲಿಯೇ ಅಳೆದ ಅಂಕಿಯಲ್ಲಿ ಇದು ತಾನಾಗಿಯೇ ಸೇರಿರುತ್ತದೆ.

ತೇವ, ಧೂಳು ಮತ್ತು ವಿದ್ಯುತ್ತು

ಹೆತ್ತೂರು, ಯಸಳೂರು ಕಡೆಯ ಮಳೆಗಾಲದಲ್ಲಿ ಶಾಖಕ್ಕಿಂತ ತೇವದ ಚಿಂತೆಯೇ ದೊಡ್ಡದು. ಕೋಣೆಯಲ್ಲಿ 22 ಡಿಗ್ರಿ ಉಷ್ಣತೆ, ಶೇ 90 ಆರ್ದ್ರತೆ ಇದ್ದಾಗ ಸುಮಾರು 20 ಡಿಗ್ರಿಗೆ ಇಳಿದ ಯಾವುದೇ ಲೋಹದ ಮೇಲೆ ನೀರು ಹನಿಗಟ್ಟುತ್ತದೆ. ಬಯಲುಸೀಮೆಯ 30 ಡಿಗ್ರಿ, ಶೇ 40 ಆರ್ದ್ರತೆಯಲ್ಲಿ ಹನಿಗಟ್ಟಲು 15 ಡಿಗ್ರಿಗೆ ಇಳಿಯಬೇಕು. ಸಾಮಾನ್ಯ ಫ್ಯಾನ್ ಕೂಲರ್ ಆಗಲಿ, ನೀರು ಹರಿಯುವ ಕೂಲರ್ ಆಗಲಿ ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸುವುದಿಲ್ಲವಾದ್ದರಿಂದ ಅವುಗಳಿಂದ ಈ ಭಯವಿಲ್ಲ. ಕೋಣೆಗಿಂತ ತಣ್ಣಗೆ ಮಾಡುವ ಪೆಲ್ಟಿಯರ್ ಸಾಧನ, ಮಂಜುಗಡ್ಡೆಯ ಪ್ರಯೋಗ ಇಲ್ಲಿಗೆ ಸಲ್ಲದು. ಮಳೆಗಾಲದಲ್ಲಿ ಗಣಕಯಂತ್ರವನ್ನು ವಾರಗಟ್ಟಲೆ ಆರಿಸಿಡದೆ ದಿನಕ್ಕೆ ಸ್ವಲ್ಪ ಹೊತ್ತು ಚಾಲೂ ಮಾಡುವುದು ಒಳಗಿನ ತೇವ ಆರಲು ಸಹಕಾರಿ.

ಕಾಫಿ ಕುಯ್ಲಿನ ಕಾಲದಲ್ಲಿ ಕಣದ ಧೂಳು, ಸೌದೆ ಒಲೆಯ ಹೊಗೆ ಹೀಟ್‌ಸಿಂಕ್‌ನ ಎಲೆಗಳ ನಡುವೆ ಸೇರಿ, ಮಳೆಗಾಲದ ತೇವದಲ್ಲಿ ಮೆತ್ತಿಕೊಳ್ಳುತ್ತವೆ. ಇರುವೆ, ಹಲ್ಲಿಗಳೂ ಬೆಚ್ಚನೆಯ ಜಾಗ ಅರಸಿ ಕ್ಯಾಬಿನೆಟ್ ಸೇರುವುದುಂಟು. ವಿದ್ಯುತ್ತಿನ ಏರಿಳಿತ, ಹೂಮಳೆಯ ದಿನಗಳ ಸಿಡಿಲು ಇನ್ನೊಂದು ಅಪಾಯ. ಸರಿಯಾದ ಅರ್ತಿಂಗ್, ಯುಪಿಎಸ್, ಉತ್ತಮ ದರ್ಜೆಯ ಎಸ್‌ಎಂಪಿಎಸ್ ಇಲ್ಲದ ಗಣಕಯಂತ್ರದಲ್ಲಿ ಓವರ್‌ಕ್ಲಾಕಿಂಗ್ ವಿಚಾರವನ್ನೇ ಎತ್ತಬಾರದು.

ಕೂಲರ್ ಯಾವಾಗ ಬೇಕು?

ಎಚ್‌ಡಬ್ಲ್ಯುಇನ್ಫೋದಂತಹ ಉಚಿತ ತಂತ್ರಾಂಶದಿಂದ, ನಿಗದಿತ ವೇಗದಲ್ಲಿಯೇ, ಪೂರ್ಣ ಹೊರೆಯಲ್ಲಿ ಅರ್ಧ ಗಂಟೆಯ ಉಷ್ಣತೆಯನ್ನು ಮೊದಲು ಗುರುತಿಸಿಕೊಳ್ಳಿ. ನಂತರ ಧೂಳು ತೆಗೆದು, ಒಣಗಿದ ಹಳೆಯ ಥರ್ಮಲ್ ಪೇಸ್ಟ್ ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನು ಹಾಕಿ ಮತ್ತೆ ಅಳೆಯಿರಿ. ಹಲವು ವೇಳೆ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಬಳಿಕವೂ ಬೇಸಿಗೆಯ ಲೆಕ್ಕದಲ್ಲಿ ಉಷ್ಣತೆ 85 ಡಿಗ್ರಿ ದಾಟುವಂತಿದ್ದರೆ ತಾಮ್ರದ ಶಾಖನಳಿಕೆಗಳಿರುವ, 120 ಮಿಲಿಮೀಟರ್ ಫ್ಯಾನ್‌ನ ಟವರ್ ಕೂಲರ್ ಯೋಗ್ಯ. ಮೇಲಿನ ಉದಾಹರಣೆಯಲ್ಲಿ ಅದು ಏರಿಕೆಯನ್ನು 50ರಿಂದ 36ಕ್ಕೆ ಇಳಿಸಿತೆಂದು ಭಾವಿಸಿದರೆ, ವೇಗ ಏರಿಸಿದ ಮೇಲೂ ಏರಿಕೆ 48 ಡಿಗ್ರಿ. ಏಪ್ರಿಲ್‌ನಲ್ಲಿ 80 ಡಿಗ್ರಿಗೆ ನಿಲ್ಲುತ್ತದೆ. ಕೊಳ್ಳುವ ಮುನ್ನ ಸಾಕೆಟ್ ಹೊಂದುವುದೇ, ಕ್ಯಾಬಿನೆಟ್‌ನಲ್ಲಿ ಅಷ್ಟು ಎತ್ತರಕ್ಕೆ ಸ್ಥಳವಿದೆಯೇ ಎಂದು ನೋಡಿಕೊಳ್ಳಬೇಕು. ಇಂತಹ ಕೂಲರ್‌ಗಳು ಸಾಮಾನ್ಯವಾಗಿ ಅರ್ಧ ಕಿಲೋಗೂ ಮಿಕ್ಕಿ ತೂಗುತ್ತವೆ. ರಿಪೇರಿಗಾಗಿ ತೋಟದ ರಸ್ತೆಯಲ್ಲಿ ಜೀಪಿನಲ್ಲಿಟ್ಟು ಹಾಸನಕ್ಕೆ ಒಯ್ಯುವಾಗ ಮದರ್‌ಬೋರ್ಡ್ ಅಡಿಯಾಗುವಂತೆ ಕ್ಯಾಬಿನೆಟ್ ಮಲಗಿಸುವುದು ಕ್ಷೇಮ. ಬಜೆಟ್ ಪ್ರೊಸೆಸರ್‌ಗೆ ದುಬಾರಿ ಜಲ ಕೂಲರ್ ಅನಗತ್ಯ. ಆ ವ್ಯತ್ಯಾಸದ ಹಣದಲ್ಲಿ ಮೇಲಿನ ದರ್ಜೆಯ ಪ್ರೊಸೆಸರನ್ನೇ ಕೊಳ್ಳಬಹುದು.

ಅನುಸರಿಸಬೇಕಾದ ಕ್ರಮ

ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಂಡೇ ಆರಂಭಿಸಿ. ಬಯಾಸ್‌ನಲ್ಲಿ ಗುಣಕವನ್ನು ಒಂದೊಂದೇ ಹೆಜ್ಜೆ ಏರಿಸಿ, ಪ್ರತಿ ಹೆಜ್ಜೆಗೂ ಪ್ರೈಮ್95ರಂತಹ ತಂತ್ರಾಂಶದಿಂದ ಒಂದು ಗಂಟೆ ಪರೀಕ್ಷಿಸಿ. ವೋಲ್ಟೇಜ್ ಮುಟ್ಟದೆ ಸಿಗುವ ವೇಗಕ್ಕೆ ತೃಪ್ತರಾಗುವುದೇ ಜಾಣತನ. ತಪ್ಪು ತೋರಿದರೆ ಎರಡು ಹೆಜ್ಜೆ ಹಿಂದೆ ಬನ್ನಿ. ಅಸ್ಥಿರ ಪ್ರೊಸೆಸರ್ ಯಾವಾಗಲೂ ಯಂತ್ರವನ್ನು ನಿಲ್ಲಿಸುವುದಿಲ್ಲ. ಸದ್ದಿಲ್ಲದೆ ಕಡತಗಳನ್ನು ಕೆಡಿಸಲೂಬಹುದು. ವರ್ಷದ ಲೆಕ್ಕಪತ್ರದಲ್ಲಿ ಸೇರಿದ ಅಂತಹ ದೋಷ ತಿಂಗಳುಗಳ ನಂತರ ಬೆಳಕಿಗೆ ಬಂದೀತು. ಅಲ್ಲದೆ ಓವರ್‌ಕ್ಲಾಕಿಂಗ್‌ನಿಂದಾದ ಹಾನಿಗೆ ತಯಾರಕರ ವಾರಂಟಿ ಅನ್ವಯಿಸುವುದಿಲ್ಲ.

ಲಾಭವೆಷ್ಟು?

ವೇಗ ಶೇ 10 ಹೆಚ್ಚಿದರೆ ಒಂದು ಗಂಟೆ ಹಿಡಿಯುತ್ತಿದ್ದ ಮದುವೆ ವಿಡಿಯೊ ಸಂಸ್ಕರಣೆ ಹೆಚ್ಚೆಂದರೆ ಐದೂವರೆ ನಿಮಿಷ ಬೇಗ ಮುಗಿಯುತ್ತದೆ. ದಿನವಿಡೀ ಇದೇ ಕೆಲಸ ಮಾಡುವ ಸ್ಟುಡಿಯೊಗೆ ಇದು ಉಳಿತಾಯವೇ. ಬಿಲ್ಲು, ಪತ್ರ, ಅಂತರಜಾಲಕ್ಕೆ ಸೀಮಿತವಾದ ಗಣಕಯಂತ್ರದಲ್ಲಿ ವ್ಯತ್ಯಾಸ ಕಾಣಿಸದು. ಅಲ್ಲಿ ಹಳೆಯ ಹಾರ್ಡ್ ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಹಾಕುವುದು ಹೆಚ್ಚು ಫಲ ನೀಡುತ್ತದೆ. ಇಂದಿನ ಪ್ರೊಸೆಸರ್‌ಗಳು ತಂಪು ಇದ್ದಷ್ಟೂ ತಮ್ಮ ಮಿತಿಯೊಳಗೆ ತಾವೇ ವೇಗ ಏರಿಸಿಕೊಳ್ಳುವುದರಿಂದ, ಒಳ್ಳೆಯ ಕೂಲರ್ ಓವರ್‌ಕ್ಲಾಕ್ ಮಾಡದವರಿಗೂ ಉಪಯುಕ್ತ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಇಲ್ಲಿಗೂ ಸಲ್ಲುತ್ತದೆ. ಅಳತೆ, ಶುಚಿ, ವಿದ್ಯುತ್ ರಕ್ಷಣೆ, ಅಗತ್ಯ ಕಂಡರೆ ಕೂಲರ್, ಎಲ್ಲಕ್ಕೂ ಕೊನೆಗೆ ವೇಗ. ಈ ಕ್ರಮದಲ್ಲಿ ಖರ್ಚು ಮಾಡಿದವರಿಗೆ ಮಲೆನಾಡಿನ ತಂಪು ನಿಜಕ್ಕೂ ಲಾಭವಾಗುತ್ತದೆ.