ರಾಜನ ಗುಡ್ಡದ ತುದಿ

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಸೇಂಟ್ ಆಂಡ್ರೂಸ್ ಎಂದರೆ ಇಂದು ಗಾಲ್ಫ್ ಮತ್ತು ವಿಶ್ವವಿದ್ಯಾಲಯ. ಆದರೆ ಊರಿಗೆ ಆ ಹೆಸರು ಬಂದದ್ದು ತಡವಾಗಿ. ಇಲ್ಲಿನ ಮಠಾಧಿಪತಿಯೊಬ್ಬ 747ರಲ್ಲಿ ತೀರಿಕೊಂಡ ಸುದ್ದಿ ಐರ್ಲೆಂಡಿನ ವಾರ್ಷಿಕ ದಾಖಲೆಗಳಲ್ಲಿದೆ. ಅಲ್ಲಿ ಊರಿನ ಹೆಸರು ಕಿನ್‌ರಿಗ್‌ಮೊನೈ. ಬಿಡಿಸಿ ನೋಡಿದರೆ ಗೇಲಿಕ್ ಭಾಷೆಯ 'ಕೆನ್' ಎಂದರೆ ತಲೆ ಅಥವಾ ತುದಿ, 'ರೀಗ್' ಎಂದರೆ ರಾಜನ, 'ಮೊನದ್' ಎಂದರೆ ಎತ್ತರದ ಬಯಲು. ರಾಜನ ಗುಡ್ಡದ ತುದಿ ಎಂದಿಟ್ಟುಕೊಳ್ಳಬಹುದು.

ಹನ್ನೆರಡನೆಯ ಶತಮಾನದ ಹೊತ್ತಿಗೆ ಇದೇ ಹೆಸರು ಕಿಲ್ರಿಮಾಂಟ್ ಆಗಿತ್ತು. 'ಕೆನ್' ಹೋಗಿ 'ಕಿಲ್', ಅಂದರೆ ಚರ್ಚು, ಬಂದು ಕೂತಿತು. ಕಣ್ಣೆದುರಿಗೇ ದೊಡ್ಡ ಚರ್ಚು ನಿಂತಿರುವಾಗ ಕಿವಿಗೂ ಅದೇ ಕೇಳಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ತಪ್ಪು ರೂಪವೇ ಊರಿಗೆ ಹೆಚ್ಚು ಒಪ್ಪುತ್ತಿತ್ತು ಎಂದರೂ ನಡೆದೀತು.

1140ರ ದಶಕದ ಆಸುಪಾಸಿನಲ್ಲಿ ಬಿಷಪ್ ರಾಬರ್ಟ್ ಇಲ್ಲಿ ಪೇಟೆ ಕಟ್ಟಿಸಿ, ಫ್ಲೆಮಿಶ್ ವ್ಯಾಪಾರಿ ಮೈನಾರ್ಡ್‌ನನ್ನು ಅದರ ಮುಖ್ಯಸ್ಥನನ್ನಾಗಿ ನೇಮಿಸಿದ. ಬೇರೆ ಭಾಷೆಯ ಜನ ಬಂದು ನೆಲೆಸಿದರು, ಗೇಲಿಕ್ ನಿಧಾನವಾಗಿ ಹಿಂದೆ ಸರಿಯಿತು, ಸಂತನ ಹೆಸರೇ ಊರಿನ ಹೆಸರಾಯಿತು. ಹೊಸಬರ ಭಾಷೆ ಬೀದಿಗಳಲ್ಲಿ ಉಳಿದಿದೆ: ಸೌತ್ ಸ್ಟ್ರೀಟ್ ಆಗ ಸೌತ್‌ಗೇಟ್. ಈ 'ಗೇಟ್' ಬಾಗಿಲಲ್ಲ, ಬೀದಿ. ಊರಬಾಗಿಲಿಗೆ ಅವರ ಮಾತು 'ಪೋರ್ಟ್'. ಪಶ್ಚಿಮದ ಬಾಗಿಲು ವೆಸ್ಟ್ ಪೋರ್ಟ್ ಎಂದೇ ಇಂದಿಗೂ ನಿಂತಿದೆ.

ಹಾಗಾದರೆ ರಾಜನ ಗುಡ್ಡ ಎಲ್ಲಿ ಹೋಯಿತು? ಪೇಟೆ ಮರೆತದ್ದನ್ನು ಹೊಲ ನೆನಪಿಟ್ಟುಕೊಂಡಿತ್ತು. ಊರಿನ ದಕ್ಷಿಣಕ್ಕೆ ನೆಲ ಏರುವ ಕಡೆ ಈಸ್ಟ್ ಬಾಲ್ರಿಮಂತ್, ವೆಸ್ಟ್ ಬಾಲ್ರಿಮಂತ್ ಎಂಬ ತೋಟದ ಮನೆಗಳಿವೆ. 'ಬಾಲ್' ಎಂದರೆ ಹಿಡುವಳಿ. ಮಿಕ್ಕದ್ದು ಅದೇ ರಿಗ್‌ಮೊನದ್. ಸೈಮನ್ ಟೇಲರ್ ಮತ್ತು ಗಿಲ್ಬರ್ಟ್ ಮಾರ್ಕಸ್ ಫೈಫ್ ಪ್ರಾಂತ್ಯದ ಸ್ಥಳನಾಮಗಳ ಬಗ್ಗೆ 2006ರಿಂದ 2012ರವರೆಗೆ ತಂದ ಐದು ಸಂಪುಟಗಳ ದಾರಿಯೂ ಇದೇ: ಪ್ರತಿ ಹೆಸರಿನ ಹಳೆಯ ಕಾಗುಣಿತಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುವುದು, ಆಮೇಲೆ ನೆಲದ ಜೊತೆ ತಾಳೆ ನೋಡುವುದು.

ಈ ತಾಳೆ ನೋಡುವುದು ಎಷ್ಟು ಮುಖ್ಯ ಎನ್ನುವುದಕ್ಕೆ ಮುಕ್ರೋಸ್ ಸಾಕು. ಮಧ್ಯಯುಗದ ಸ್ಥಾಪನಾ ಕಥೆಯೊಂದು ಅದು ಈ ಜಾಗದ ಇನ್ನೂ ಹಳೆಯ ಹೆಸರೆಂದು ಹೇಳಿ, 'ಹಂದಿಗಳ ಕಾಡು' ಎಂದು ಲ್ಯಾಟಿನ್‌ನಲ್ಲಿ ಅರ್ಥ ಕೊಡುತ್ತದೆ. 'ಮುಕ್' ಹಂದಿಯೇ ಸರಿ. ಆದರೆ 'ರೋಸ್' ಕಾಡೂ ಆಗಬಹುದು, ಸಮುದ್ರಕ್ಕೆ ಚಾಚಿದ ಭೂಶಿರವೂ ಆಗಬಹುದು. ಕ್ಯಾಥೆಡ್ರಲ್ ನಿಂತಿರುವ ಬಂಡೆಯಂಚನ್ನು ನೋಡಿದವರಿಗೆ ಕಾಡಿಗಿಂತ ಭೂಶಿರವೇ ನಂಬಲು ಸುಲಭ.

ಕಿಲ್ರಿಮಾಂಟ್ ಕೂಡ ಪೂರ್ತಿ ಅಳಿದಿಲ್ಲ. ಊರಿನ ಹೊಸ ಬಡಾವಣೆಯ ಕಡೆ ಆ ಹೆಸರಿನ ರಸ್ತೆಯೊಂದಿದೆ. ಫಲಕದ ಮೇಲಿರುವುದು ಚರ್ಚಿನ 'ಕಿಲ್'. ತುದಿಯ 'ಕೆನ್' ಅಲ್ಲ.