ಎಂಜಿನಿಯರಿಂಗ್ ಪದವಿ: ಅವಧಿಗೆ ಮುನ್ನ ಮುಗಿಸುವ ಹಾದಿಗಳು

ಬಿ.ಇ. ಪದವಿಯ ನಿಗದಿತ ಅವಧಿ ನಾಲ್ಕು ವರ್ಷ, ಅಂದರೆ ಎಂಟು ಸೆಮಿಸ್ಟರ್. ಈ ಅವಧಿಯನ್ನು ಕಡಿತಗೊಳಿಸಲು ಸಾಧ್ಯವೇ ಎಂಬುದು ಅನೇಕ ವಿದ್ಯಾರ್ಥಿಗಳ, ಅವರಿಗಿಂತ ಹೆಚ್ಚಾಗಿ ಶುಲ್ಕ ತೆರುವ ಪೋಷಕರ ಪ್ರಶ್ನೆ. ಕರ್ನಾಟಕದಲ್ಲಿ ಇದಕ್ಕೆ ಬಹುಕಾಲದಿಂದ ರೂಢಿಯಲ್ಲಿರುವ ಉತ್ತರವೆಂದರೆ ಡಿಪ್ಲೊಮಾ ಮುಗಿಸಿ ದ್ವಿತೀಯ ವರ್ಷಕ್ಕೆ ನೇರವಾಗಿ ಸೇರುವುದು.

ಡಿಪ್ಲೊಮಾ ಹಾದಿ

ಸಂಡೂರು ತಾಲ್ಲೂಕಿನ ಯಶವಂತನಗರದಲ್ಲಿರುವ ಸಂಡೂರು ಪಾಲಿಟೆಕ್ನಿಕ್‌ನಂತಹ ಸಂಸ್ಥೆಗಳಲ್ಲಿ ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷಗಳ ಡಿಪ್ಲೊಮಾ ಓದಬಹುದು. ಅದನ್ನು ಮುಗಿಸಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದು, ಬಿ.ಇ. ಮೂರನೇ ಸೆಮಿಸ್ಟರ್‌ಗೆ ಪ್ರವೇಶ ಪಡೆಯುತ್ತಾರೆ. ಸಂಡೂರು ಭಾಗದವರಿಗೆ ಹೊಸಪೇಟೆಯ ಪ್ರೌಢದೇವರಾಯ ತಾಂತ್ರಿಕ ಮಹಾವಿದ್ಯಾಲಯ, ಬಳ್ಳಾರಿಯ ಬಿಐಟಿಎಂ ಹತ್ತಿರದ ಕಾಲೇಜುಗಳು. ಇವರಿಗೆ ಪದವಿ ಆರೇ ಸೆಮಿಸ್ಟರ್‌ಗಳಲ್ಲಿ ಕೈಸೇರುತ್ತದೆ.

ಆದರೆ ಒಟ್ಟು ಲೆಕ್ಕ ಬೇರೆಯೇ ಇದೆ. ಪಿಯುಸಿ ಎರಡು ವರ್ಷ, ಬಿ.ಇ. ನಾಲ್ಕು ವರ್ಷ ಸೇರಿದರೆ ಆರು. ಡಿಪ್ಲೊಮಾ ಮೂರು, ಬಿ.ಇ. ಮೂರು ಸೇರಿದರೂ ಆರೇ. ಹಾಗಾಗಿ ಈ ಹಾದಿಯ ನಿಜವಾದ ಲಾಭ ಸಮಯದ ಉಳಿತಾಯವಲ್ಲ. ಮೂರನೇ ವರ್ಷದ ಅಂತ್ಯಕ್ಕೇ ಉದ್ಯೋಗಕ್ಕೆ ಅರ್ಹವಾದ ಪ್ರಮಾಣಪತ್ರವೊಂದು ಕೈಯಲ್ಲಿರುತ್ತದೆ ಎಂಬುದೇ ಅದರ ಲಾಭ. ಗಣಿಗಳೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೂ ಇರುವ ಸಂಡೂರು ತಾಲ್ಲೂಕಿನಲ್ಲಿ ಮನೆಯ ಪರಿಸ್ಥಿತಿ ಕೈಕೊಟ್ಟರೆ ಆ ಹಂತದಲ್ಲಿಯೇ ದುಡಿಮೆಗೆ ಇಳಿಯಬಹುದು. ಪಿಯುಸಿ ಮೂಲಕ ಬಂದು ನಡುವೆ ಓದು ನಿಲ್ಲಿಸಿದವರಿಗೆ ಈ ಆಸರೆ ಇಲ್ಲ.

ಗಣಿತದ ತೊಡಕು

ನೇರ ಪ್ರವೇಶ ಪಡೆದವರು ಮೊದಲ ವರ್ಷದ ಗಣಿತವನ್ನು ಓದಿರುವುದಿಲ್ಲ. ಆದಕಾರಣ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು (ವಿಟಿಯು) ತನ್ನ 2018ರ ಪಠ್ಯಕ್ರಮದಲ್ಲಿ ಇವರಿಗೆ ಮೂರು ಮತ್ತು ನಾಲ್ಕನೇ ಸೆಮಿಸ್ಟರ್‌ಗಳಲ್ಲಿ ಹೆಚ್ಚುವರಿ ಗಣಿತವನ್ನು ಕಡ್ಡಾಯಗೊಳಿಸಿತು. ಸಹಪಾಠಿಗಳ ಎಲ್ಲ ವಿಷಯಗಳ ಜೊತೆಗೆ ಇದನ್ನೂ ನಿಭಾಯಿಸಬೇಕಾಗುತ್ತದೆ. ಅನುತ್ತೀರ್ಣರಾಗಿ ಒಂದು ವರ್ಷ ಹಿಂದುಳಿದರೆ ಪಿಯುಸಿ ಹಾದಿಯಲ್ಲಿ ಬಂದವರಿಗಿಂತ ತಡವಾಗಿ ಪದವಿ ಬರುತ್ತದೆ.

ಯುಜಿಸಿಯ ಹೊಸ ನಿಯಮ

ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2024ರ ನವೆಂಬರ್‌ನಲ್ಲಿ ತ್ವರಿತ ಪದವಿ ಯೋಜನೆಗೆ ಒಪ್ಪಿಗೆ ನೀಡಿತು. ಅದರಂತೆ ನಾಲ್ಕು ವರ್ಷಗಳ ಪದವಿಯನ್ನು ಆರು ಅಥವಾ ಏಳು ಸೆಮಿಸ್ಟರ್‌ಗಳಲ್ಲಿ ಪೂರೈಸಬಹುದು. ಮೊದಲ ಅಥವಾ ಎರಡನೇ ಸೆಮಿಸ್ಟರ್ ಮುಗಿದ ಬಳಿಕ ಸಂಸ್ಥೆಯ ಸಮಿತಿಯು ವಿದ್ಯಾರ್ಥಿಯ ಸಾಮರ್ಥ್ಯವನ್ನು ಪರಿಶೀಲಿಸಿ ಆಯ್ಕೆ ಮಾಡುತ್ತದೆ. ಅವಧಿ ತಗ್ಗಿದರೂ ಒಟ್ಟು ಕ್ರೆಡಿಟ್ ತಗ್ಗುವುದಿಲ್ಲ.

ಈ ಕೊನೆಯ ಷರತ್ತೇ ನಿರ್ಣಾಯಕ. ವಿಟಿಯುವಿನ 2022ರ ಪಠ್ಯಕ್ರಮದಲ್ಲಿ ಬಿ.ಇ. ಪದವಿಗೆ 160 ಕ್ರೆಡಿಟ್ ಬೇಕು. ಎಂಟು ಸೆಮಿಸ್ಟರ್‌ಗಳಿಗೆ ಹಂಚಿದರೆ ಸರಾಸರಿ 20. ಇಷ್ಟನ್ನೇ ಏಳರಲ್ಲಿ ಮುಗಿಸಲು ಸುಮಾರು 23, ಆರರಲ್ಲಿ ಮುಗಿಸಲು ಸುಮಾರು 27 ಬೇಕಾಗುತ್ತದೆ. ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆ ಪಾಠ ಅಥವಾ ಎರಡು ಗಂಟೆ ಪ್ರಯೋಗಾಲಯ. ಮೇಲಾಗಿ, ಒಂದು ವಿಷಯ ಇನ್ನೊಂದಕ್ಕೆ ಬುನಾದಿಯಾಗಿರುವುದರಿಂದ ಎಲ್ಲವನ್ನೂ ಒಟ್ಟಿಗೆ ಓದಲಾಗದು. ತಾಂತ್ರಿಕ ಶಿಕ್ಷಣಕ್ಕೆ ಎಐಸಿಟಿಇ ಮಾನದಂಡಗಳೂ ಅನ್ವಯಿಸುವುದರಿಂದ, ಯುಜಿಸಿಯ ಒಪ್ಪಿಗೆಯೊಂದನ್ನೇ ನೆಚ್ಚದೆ ತಮ್ಮ ವಿಶ್ವವಿದ್ಯಾಲಯದ ನಿಯಮಾವಳಿಯನ್ನು ನೋಡಿಕೊಳ್ಳುವುದು ಅಗತ್ಯ.

ಬೇಸಿಗೆ ಸೆಮಿಸ್ಟರ್

ಕೆಲವು ಸ್ವಾಯತ್ತ ಕಾಲೇಜುಗಳಲ್ಲಿ ಬೇಸಿಗೆಯ ಹೆಚ್ಚುವರಿ ಸೆಮಿಸ್ಟರ್ ನಡೆಯುತ್ತದೆ. ಹೆಸರು ಕೇಳಿ ಇದನ್ನು ಬೇಗ ಮುಗಿಸುವ ಉಪಾಯವೆಂದು ಭಾವಿಸುವುದುಂಟು. ವಾಸ್ತವವಾಗಿ ಇದು ಬಾಕಿ ಉಳಿದ ವಿಷಯಗಳನ್ನು ತೀರಿಸಿಕೊಳ್ಳಲು ಇರುವ ಅವಕಾಶ. ತಡವಾಗದಂತೆ ಕಾಯುತ್ತದೆಯೇ ಹೊರತು ಮುಂದಕ್ಕೆ ಒಯ್ಯುವುದಿಲ್ಲ.

ಯಾವ ಹಾದಿ ಯಾರಿಗೆ?

ಹದಿನಾರರ ವಯಸ್ಸಿನಲ್ಲಿ ಡಿಪ್ಲೊಮಾ ಅಥವಾ ಪಿಯುಸಿ ಎಂದು ನಿರ್ಧರಿಸುವ ಕುಟುಂಬವು ಕೇಳಿಕೊಳ್ಳಬೇಕಾದ ಪ್ರಶ್ನೆ, ಎಷ್ಟು ಬೇಗ ಮುಗಿಯುತ್ತದೆ ಎಂಬುದಲ್ಲ. ಓದು ನಡುವೆ ನಿಂತರೆ ಕೈಯಲ್ಲಿ ಏನು ಉಳಿಯುತ್ತದೆ ಎಂಬುದು. ಆರು ವರ್ಷ ನಿಶ್ಚಿಂತೆಯಿಂದ ಓದಿಸಬಲ್ಲವರಿಗೆ ಎರಡೂ ಹಾದಿ ಸಮಾನ ದೂರದವು. ಆ ಭರವಸೆ ಇಲ್ಲದವರಿಗೆ ಡಿಪ್ಲೊಮಾ ಹಾದಿಯ ನಡುವೆ ಒಂದು ತಂಗುದಾಣವಿದೆ.