ಗಡಿ ದಾಟುವ ಹಣಕ್ಕೆ ಹೊಣೆ ಯಾರು?



ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಕೊಂಕಣಿ ಎಂದು ಎರಡು ಭಾಷೆಯಲ್ಲಿ ಬಾಳುವುದು ನಮಗೆ ಹೊಸದಲ್ಲ. ಹಾಗೆಯೇ ಎರಡು ನಾಣ್ಯಗಳಲ್ಲಿ ಲೆಕ್ಕ ಹಾಕುವುದು ನಮ್ಮ ಅಜ್ಜಂದಿರಿಗೆ ಹೊಸದಾಗಿರಲಿಲ್ಲ. ಮಾಜಾಳಿಯ ಈಚೆಗೆ ಒಂದು ದುಡ್ಡು, ಪೋಳೆಂ ಆಚೆಗೆ ಇನ್ನೊಂದು ದುಡ್ಡು. ಈಗ ನಮ್ಮ ಮೊಮ್ಮಕ್ಕಳು ಮೂರನೆಯ ಲೆಕ್ಕವೊಂದನ್ನು ಕಲಿತಿದ್ದಾರೆ. ಬಿಟ್‌ಕಾಯಿನ್, ಈಥರ್ ಎಂಬ ಕಾಣದ ನಾಣ್ಯಗಳನ್ನು ಮೊಬೈಲಿನಲ್ಲಿ ಕೊಳ್ಳುತ್ತಾರೆ, ಒಂದು ಜಾಲದಿಂದ ಇನ್ನೊಂದು ಜಾಲಕ್ಕೆ ಸಾಗಿಸುತ್ತಾರೆ. ‘ಸಾಗಿಸುವಾಗ ಭಯವಿಲ್ಲವೇ?’ ಎಂದು ಕೇಳಿದರೆ ‘ಎಲ್ಲ ಗಣಕಯಂತ್ರವೇ ನೋಡಿಕೊಳ್ಳುತ್ತದೆ’ ಎಂಬ ಉತ್ತರ ಬರುತ್ತದೆ. ಬ್ಯಾಂಕಿನ ಕೌಂಟರಿನ ಹಿಂದೆ ಬಾಳು ಕಳೆದ ನನಗೆ ಈ ಉತ್ತರ ಸಾಲದು. ಆದುದರಿಂದ ಇಂದು ಪಣಜಿಯ ಹಣದ ಇತಿಹಾಸವನ್ನು ಸ್ವಲ್ಪ ತಿರುವಿ ನೋಡೋಣ. ಗಡಿ ದಾಟುವ ಹಣ ಎಲ್ಲಿ ಭದ್ರ, ಎಲ್ಲಿ ಅಭದ್ರ ಎಂಬುದಕ್ಕೆ ಅಲ್ಲಿ ಒಳ್ಳೆಯ ಸಾಕ್ಷಿಗಳಿವೆ.

ಮೊದಲನೆಯ ಸಾಕ್ಷಿ ಬೆಳ್ಳಿಯದು. 1878ರ ಡಿಸೆಂಬರಿನಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಂದು ಒಪ್ಪಂದವಾಯಿತು. ಮುರ್ಮುಗೋವಾದಿಂದ ಕ್ಯಾಸಲ್‌ರಾಕ್‌ವರೆಗೆ ರೈಲುದಾರಿ ಬಂದದ್ದು ಆ ಒಪ್ಪಂದದ ಫಲ. ಅದರ ಬೆನ್ನಿಗೇ ನಾಣ್ಯದ ಒಡಂಬಡಿಕೆಯೂ ಆಯಿತು. 1881 ಮತ್ತು 1882ರಲ್ಲಿ ಗೋವೆಯ ‘ರೂಪಿಯಾ’ ನಾಣ್ಯಗಳನ್ನು ಕಲ್ಕತ್ತೆಯ ಟಂಕಸಾಲೆಯಲ್ಲಿಯೇ ಮುದ್ರಿಸಿದರು. ಮುಖ ಪೋರ್ಚುಗಲ್ಲಿನ ದೊರೆ ಮೊದಲನೆಯ ಲೂಯಿಸನದು. ತೂಕವೂ ಬೆಳ್ಳಿಯ ಅಂಶವೂ ಬ್ರಿಟಿಷ್ ರೂಪಾಯಿಯಷ್ಟೇ. ಇಂಥ ನಾಣ್ಯ ಗಡಿ ದಾಟಿದರೆ ಯಾರ ಮಾತನ್ನೂ ನಂಬಬೇಕಾಗಿರಲಿಲ್ಲ. ಸರಾಫನ ತಕ್ಕಡಿಯಲ್ಲಿ ತೂಗಿದರೆ ಮುಗಿಯಿತು, ಏಕೆಂದರೆ ಬೆಲೆ ನಾಣ್ಯದೊಳಗೇ ಇತ್ತು.

ಎರಡನೆಯ ಸಾಕ್ಷಿ ಕಾಗದದ್ದು. 1864ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟಿದ ಬಾಂಕೊ ನಾಸಿಯೊನಾಲ್ ಉಲ್ಟ್ರಾಮರಿನೊ ಎಂಬ ಬ್ಯಾಂಕು 1868ರಲ್ಲಿ ಗೋವೆಯಲ್ಲಿ ಶಾಖೆ ತೆರೆಯಿತು. ಇಪ್ಪತ್ತನೆಯ ಶತಮಾನದ ಆರಂಭದಿಂದ ಅಲ್ಲಿಯ ನೋಟುಗಳನ್ನು ಅದೇ ಹೊರಡಿಸುತ್ತಿತ್ತು. ನೋಟಿನೊಳಗೆ ಬೆಳ್ಳಿ ಇಲ್ಲ, ಇರುವುದು ಕೊಟ್ಟ ಮಾತು ಮಾತ್ರ. ಮುಂದೆ ರೂಪಿಯಾವನ್ನೇ ತೆಗೆದು ಎಸ್ಕೂಡೊ ಎಂಬ ನಾಣ್ಯ ತಂದರು. 1 ರೂಪಿಯಾಕ್ಕೆ 6 ಎಸ್ಕೂಡೊ. ಹೊಸ ನೋಟುಗಳ ಮೇಲೆ 1959ರ ತಾರೀಖು ಇದೆ. ಆ ನೋಟು ಮೂರು ವರ್ಷವೂ ನೆಟ್ಟಗೆ ಬಾಳಲಿಲ್ಲ. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಯಾಯಿತು. 1962ರಲ್ಲಿ ಎಸ್ಕೂಡೊ ಹೋಗಿ ಭಾರತದ ರೂಪಾಯಿ ಬಂತು. ಲೆಕ್ಕ ಮಾತ್ರ ಅದೇ, 6 ಎಸ್ಕೂಡೊಗೆ 1 ರೂಪಾಯಿ. ಪೆಟ್ಟಿಗೆಯ ತಳದಲ್ಲಿ ಎಸ್ಕೂಡೊ ಇಟ್ಟುಕೊಂಡಿದ್ದ ಸಾಮಾನ್ಯನ ದುಡ್ಡು ಉಳಿಯಿತು. ಯಾಕೆ ಉಳಿಯಿತು? ಮಾತು ಕೊಟ್ಟವನು ಹೊರಟುಹೋದರೂ ಆ ಮಾತನ್ನು ಹೊರಲು ಇನ್ನೊಬ್ಬ ಮುಂದೆ ಬಂದ. ಭಾರತ ಸರಕಾರ ಆ ಹೊಣೆ ಹೊತ್ತಿತು.

ಮೂರನೆಯ ಸಾಕ್ಷಿ ಬಂಗಾರದ್ದು. ಇದು ಎಲ್ಲಕ್ಕಿಂತ ನೋವಿನದು. ಗೋವೆಯ ಅನೇಕ ಸಂಸಾರಗಳು ದಾಗಿನಗಳನ್ನು ಆ ಬ್ಯಾಂಕಿನಲ್ಲಿ ಒತ್ತೆ ಇಟ್ಟು ಸಾಲ ಪಡೆದಿದ್ದವು. ಮಗಳ ಮದುವೆ, ಮನೆಯ ಮಾಡು, ಹಡಗು ಹತ್ತುವ ಮಗನ ಖರ್ಚು, ಇಂಥವುಗಳಿಗೆ ಒತ್ತೆ ಇಡುವುದು ಎಲ್ಲ ಊರಿನ ಪದ್ಧತಿ. ವಿಮೋಚನೆಯ ಮುನ್ನ ಬ್ಯಾಂಕು ಆ ಬಂಗಾರವನ್ನು ಲಿಸ್ಬನ್ನಿಗೆ ಸಾಗಿಸಿತು. ಸಾಲ ತೀರಿಸಿ ತಾಳಿಸರ ಬಿಡಿಸಿಕೊಳ್ಳೋಣವೆಂದರೆ ತಿಜೋರಿ ಸಮುದ್ರದ ಆಚೆಗಿತ್ತು. ಎರಡು ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧವೂ ಇರಲಿಲ್ಲ. 1974ರ ಏಪ್ರಿಲಿನಲ್ಲಿ ಪೋರ್ಚುಗಲ್ಲಿನ ಸರ್ವಾಧಿಕಾರ ಉರುಳಿದ ಮೇಲೆ, ಅದೇ ವರ್ಷದ ಡಿಸೆಂಬರ್ 31ರಂದು ಗೋವೆ ಭಾರತದ್ದೆಂದು ಒಪ್ಪುವ ಒಪ್ಪಂದವಾಯಿತು. ಆದರೂ ಬಂಗಾರ ಬರಲಿಲ್ಲ. ಅದು ಗೋವೆಗೆ ಮರಳಿದ್ದು 1991ರಲ್ಲಿ, ಪೂರ್ತಿ ಮೂವತ್ತು ವರ್ಷಗಳ ಮೇಲೆ. ಇಪ್ಪತ್ತರ ವಯಸ್ಸಿನಲ್ಲಿ ಬಳೆ ಬಿಚ್ಚಿಕೊಟ್ಟವಳು ಅಷ್ಟರಲ್ಲಿ ಐವತ್ತು ದಾಟಿದ ಅಜ್ಜಿ.

ತಡವಾಗಿಯಾದರೂ ಅದು ಮರಳಿದ್ದು ಹೇಗೆಂದು ಯೋಚಿಸಿರಿ. ಒತ್ತೆ ಎಂದರೆ ಅದಕ್ಕೊಂದು ಹೆಸರು, ಒಂದು ನಂಬರು, ಒಂದು ತೂಕ, ಒಂದು ಪಾವತಿ ಇರುತ್ತದೆ. ಇಟ್ಟುಕೊಂಡ ಬ್ಯಾಂಕಿಗೆ ವಿಳಾಸವಿತ್ತು. ಕೇಳಲು ಒಂದು ಸರಕಾರವಿತ್ತು, ಉತ್ತರ ಹೇಳಲು ಇನ್ನೊಂದು ಸರಕಾರವಿತ್ತು. ಹೊಣೆಗಾರ ಯಾರೆಂದು ಗೊತ್ತಿದ್ದರಿಂದ ಮೂವತ್ತು ವರ್ಷ ಕಳೆದರೂ ಕೇಳುವ ಹಕ್ಕು ಸಾಯಲಿಲ್ಲ.

ಇನ್ನು ಈ ಹೊಸ ನಾಣ್ಯದ ವಿಚಾರಕ್ಕೆ ಬರೋಣ. ಬ್ಲಾಕ್‌ಚೈನ್ ಎಂದರೆ ಹೆದರಬೇಕಾದ ಮಾತಲ್ಲ. ಅದೊಂದು ಖಾತೆ ಪುಸ್ತಕ. ಸಾವಿರಾರು ಗಣಕಯಂತ್ರಗಳಲ್ಲಿ ಅದರ ಪ್ರತಿ ಇರುವುದರಿಂದ ಒಬ್ಬನೇ ಕೂತು ತಿದ್ದುವುದು ಬಹಳ ಕಷ್ಟ. ಆದರೆ ಇಂಥ ಪುಸ್ತಕ ಒಂದಲ್ಲ, ಹಲವು. ಬಿಟ್‌ಕಾಯಿನಿನದು ಒಂದು, ಈಥೀರಿಯಮ್‌ದು ಇನ್ನೊಂದು, ಸೊಲಾನಾದ್ದು ಮತ್ತೊಂದು. ಒಂದು ಪುಸ್ತಕಕ್ಕೆ ಇನ್ನೊಂದರಲ್ಲಿ ಏನು ಬರೆದಿದೆ ಎಂದು ತಾನಾಗಿ ತಿಳಿಯದು. ಒಂದರಲ್ಲಿ ಶುಲ್ಕ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಎಂದು ಜನ ಹಣ ಸಾಗಿಸುತ್ತಾರೆ. ಸಾಗಿಸಿಕೊಡುವ ವ್ಯವಸ್ಥೆಗೆ ‘ಬ್ರಿಡ್ಜ್’, ಅಂದರೆ ಸೇತುವೆ ಎನ್ನುತ್ತಾರೆ.

ಹೆಸರು ಸೇತುವೆಯಾದರೂ ಸಾಮಾನ್ಯವಾಗಿ ಅದರ ಮೇಲೆ ನಾಣ್ಯ ನಡೆದುಹೋಗುವುದಿಲ್ಲ. ನಮ್ಮ ಡಿಮ್ಯಾಂಡ್ ಡ್ರಾಫ್ಟ್ ನೆನಪು ಮಾಡಿಕೊಳ್ಳಿರಿ. ಪಣಜಿಯಲ್ಲಿ ದುಡ್ಡು ಕಟ್ಟಿದರೆ ಆ ನೋಟು ಬೆಳಗಾವಿಗೆ ಹೋಗುತ್ತಿರಲಿಲ್ಲ. ಇಲ್ಲಿ ಜಮೆಯಾಗುತ್ತಿತ್ತು, ಡ್ರಾಫ್ಟ್ ನೋಡಿ ಅಲ್ಲಿ ಕೊಡುತ್ತಿದ್ದರು. ಹಾಗೆಯೇ ಹೆಚ್ಚಿನ ಸೇತುವೆಗಳಲ್ಲಿ ಮೂಲ ನಾಣ್ಯಕ್ಕೆ ಈಚೆ ದಡದಲ್ಲಿ ಬೀಗ ಹಾಕುತ್ತಾರೆ, ಆಚೆ ದಡದಲ್ಲಿ ಅದರ ಬದಲಿಗೆ ಒಂದು ಚೀಟಿ ಹುಟ್ಟಿಸುತ್ತಾರೆ. ನಿಮ್ಮ ಕೈಗೆ ಬರುವುದು ಆ ಚೀಟಿ. ಅದರ ಬೆಲೆಯೆಲ್ಲ ಈಚೆಗಿನ ಬೀಗದ ಮೇಲೆ ನಿಂತಿದೆ. ಕಲ್ಕತ್ತೆಯ ಬೆಳ್ಳಿ ರೂಪಿಯಾದಂತೆ ಬೆಲೆ ತನ್ನೊಳಗೇ ಇರುವ ವಸ್ತು ಇದಲ್ಲ. ಒತ್ತೆಯ ಪಾವತಿಯ ಜಾತಿಯದು.

ಆದುದರಿಂದ ಕೇಡು ಬಂದದ್ದೆಲ್ಲ ಬ್ಯಾಂಕಿನವರಿಗೆ ಗುರುತಿರುವ ದಾರಿಗಳಲ್ಲಿಯೇ. 2022ರ ಫೆಬ್ರವರಿಯಲ್ಲಿ ವರ್ಮ್‌ಹೋಲ್ ಎಂಬ ಸೇತುವೆಯಲ್ಲಿ ಈಚೆಗೆ ಏನೂ ಕಟ್ಟದೆ ಆಚೆಗೆ 1,20,000 ಈಥರ್‌ನ ಚೀಟಿ ಹುಟ್ಟಿಸಿಬಿಟ್ಟರು. ಇದು ಕದ್ದ ಫಾರ್ಮಿನ ಮೇಲೆ ಡ್ರಾಫ್ಟ್ ಬರೆದಂತೆ. ಮರುತಿಂಗಳೇ ರೋನಿನ್ ಎಂಬ ಇನ್ನೊಂದು ಸೇತುವೆಯಿಂದ 60 ಕೋಟಿ ಡಾಲರಿಗೂ ಮೀರಿದ ನಾಣ್ಯ ಹೋಯಿತು. ಫಿಲಿಪೈನ್ಸ್‌ನಂಥ ದೇಶಗಳ ಸಣ್ಣ ಜನ ಒಂದು ಮೊಬೈಲ್ ಆಟಕ್ಕಾಗಿ ಬಳಸುತ್ತಿದ್ದ ಸೇತುವೆ ಅದು. ಅದರ ತಿಜೋರಿಗೆ ಒಂಬತ್ತು ಕೀಲಿ, ತೆರೆಯಲು ಐದು ಸಾಕು. ನಾಲ್ಕು ಕೀಲಿ ಒಂದೇ ಕಂಪನಿಯ ಕೈಯಲ್ಲಿದ್ದವು. ಐದನೆಯದರ ಪರವಾಗಿ ಸಹಿ ಮಾಡಲು ಅದೇ ಕಂಪನಿಗೆ ಹಿಂದೊಮ್ಮೆ ಕೊಟ್ಟ ಅನುಮತಿಯನ್ನು ಕೆಲಸ ಮುಗಿದ ಮೇಲೂ ರದ್ದು ಮಾಡಿರಲಿಲ್ಲ. ಕಳವು ನಡೆದದ್ದು ಮಾರ್ಚ್ 23ರಂದು, ತಿಳಿದದ್ದು 29ರಂದು, ಅದೂ ಒಬ್ಬ ಗ್ರಾಹಕ ತನ್ನ ಹಣ ಬರುತ್ತಿಲ್ಲವೆಂದು ದೂರಿದಾಗ.

ಕೇಳುಗರೇ, ಸಂಜೆ ಕ್ಯಾಶ್ ತಾಳೆಯಾಗದೆ ಹತ್ತು ರೂಪಾಯಿ ಕಡಿಮೆ ಬಂದರೆ ನಾವು ಮನೆಗೆ ಹೋಗುತ್ತಿರಲಿಲ್ಲ. ಒತ್ತೆಯ ಬಂಗಾರದ ತಿಜೋರಿಗೆ ಎರಡು ಕೀಲಿ, ಎರಡು ಬೇರೆ ಕೈ. ಒಬ್ಬ ರಜೆಗೆ ಹೋದರೆ ಕೀಲಿ ಕೊಟ್ಟದ್ದಕ್ಕೂ ಹಿಂದಕ್ಕೆ ಪಡೆದದ್ದಕ್ಕೂ ಪುಸ್ತಕದಲ್ಲಿ ಸಹಿ. ಯಂತ್ರ ಹೊಸದಾದರೂ ಈ ನಿಯಮ ಹಳೆಯದಾಗಿಲ್ಲ. ರೋನಿನ್ನಿನ ಕಂಪನಿ ಬಳಿಕ ಹೊರಗಿನಿಂದ ಬಂಡವಾಳ ತಂದು ಬಳಕೆದಾರರ ಹಣ ತುಂಬಿಕೊಟ್ಟಿತು. ವರ್ಮ್‌ಹೋಲ್‌ನಲ್ಲಿಯೂ ಹಿಂದಿದ್ದ ದೊಡ್ಡ ಸಂಸ್ಥೆ ತುಂಬಿತು. ಅದು ಅವರವರ ಹಿತಕ್ಕಾಗಿ ಮಾಡಿದ್ದು. ಎಲ್ಲ ಕಡೆಗೂ ಹಾಗಾಗುತ್ತದೆಂದು ಹೇಳಲಾಗದು.

ನಮ್ಮ ದೇಶದಲ್ಲಿಯೇ 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ನಾಣ್ಯ ಕಳುವಾಯಿತು. ಅದು ಸೇತುವೆಯಲ್ಲ, ಜನರ ನಾಣ್ಯ ಇಟ್ಟುಕೊಂಡ ತಿಜೋರಿ. ಹಲವರ ಸಹಿ ಬೇಕಾದ ಖಾತೆಯಾಗಿದ್ದರೂ ಹೋಯಿತು. ಹಣ ತೆಗೆಯುವುದು ನಿಂತಿತು. ಪರಿಹಾರದ ಯೋಜನೆ ನಡೆದದ್ದು ಸಿಂಗಪುರದ ಹೈಕೋರ್ಟಿನಲ್ಲಿ. ರೂಪಾಯಿ ಕಟ್ಟಿದ ಭಾರತದ ಹುಡುಗ ಸಿಂಗಪುರದ ಕಡೆ ಮುಖ ಮಾಡಿ ಕೂರಬೇಕಾಯಿತು, ಅಂದು ಗೋವೆಯ ಹೆಣ್ಣುಮಗಳು ಲಿಸ್ಬನ್ನಿನ ಕಡೆ ನೋಡಿದಂತೆ.

‘ಸರಕಾರ ತೆರಿಗೆ ಹಾಕಿದೆಯಲ್ಲ, ಹಾಗಾದರೆ ಭದ್ರವೇ’ ಎನ್ನುವವರಿದ್ದಾರೆ. 2022ರಿಂದ ಲಾಭದ ಮೇಲೆ 30 ಶೇಕಡ ತೆರಿಗೆ, ವರ್ಗಾವಣೆಯ ಮೇಲೆ 1 ಶೇಕಡ ಮುರಿತ ಬಂದಿರುವುದು ನಿಜ. 2023ರ ಮಾರ್ಚಿನಿಂದ ಈ ಕೇಂದ್ರಗಳು ಕಪ್ಪುಹಣ ತಡೆಯ ಕಾನೂನಿಗೂ ಒಳಪಟ್ಟಿವೆ. ಆದರೆ ತೆರಿಗೆ ಹಾಕಿದ ಮಾತ್ರಕ್ಕೆ ಸರಕಾರ ಹೊಣೆ ಹೊತ್ತಂತಲ್ಲ. ಗೋವೆ ಬಿಡುಗಡೆಯಾದ ಹದಿಮೂರನೆಯ ದಿನ, 1962ರ ಜನವರಿ 1ರಂದು, ಭಾರತದಲ್ಲಿ ಬ್ಯಾಂಕ್ ಠೇವಣಿಗೆ ವಿಮೆ ಜಾರಿಗೆ ಬಂತು. ಆಗ 1,500 ರೂಪಾಯಿವರೆಗೆ, 2020ರಿಂದ 5 ಲಕ್ಷದವರೆಗೆ. ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕು 1960ರಲ್ಲಿ ಮುಳುಗಿ ಜನ ಅತ್ತ ಮೇಲೆ ಬಂದ ಕಾನೂನು ಅದು. ಕಾಣದ ನಾಣ್ಯಕ್ಕೆ ಅಂಥ ವಿಮೆ ಇಲ್ಲ.

ಬೇಡವೆನ್ನಲು ನಾನು ಯಾರು? ನಿಮ್ಮ ದುಡ್ಡು, ನಿಮ್ಮ ಇಷ್ಟ. ಕಳಿಸುವುದೇ ಆದರೆ ಹಳೆಯ ಗುಮಾಸ್ತನ ಕೆಲವು ಮಾತು ಕಿವಿಯಲ್ಲಿರಲಿ. ಕಳಿಸುವ ಜಾಲ, ಪಡೆಯುವ ಜಾಲ, ವಿಳಾಸ, ಈ ಮೂರನ್ನೂ ಎರಡು ಸಲ ಓದಿರಿ. ತಪ್ಪು ಜಾಲಕ್ಕೆ ಹೋದದ್ದನ್ನು ತಿರುಗಿಸುವ ಮ್ಯಾನೇಜರ್ ಅಲ್ಲಿ ಕೂತಿರುವುದಿಲ್ಲ. ಮೊದಲು ಚಿಕ್ಕ ಮೊತ್ತ ಕಳಿಸಿ, ಮುಟ್ಟಿತೆಂದು ಕಂಡ ಮೇಲೆ ದೊಡ್ಡದು. ಆಚೆ ದಡದ ಚೀಟಿಯನ್ನು ಬೇಕಾದ್ದಕ್ಕಿಂತ ಹೆಚ್ಚು ದಿನ ಇಟ್ಟುಕೊಳ್ಳಬೇಡಿರಿ. ಕೀಲಿಯಾಗಿ ಕೊಡುವ ಹನ್ನೆರಡು ಅಥವಾ ಇಪ್ಪತ್ತನಾಲ್ಕು ಪದಗಳನ್ನು ಯಾರಿಗೂ, ಮನೆಗೆ ಬಂದ ಅಳಿಯನಿಗೂ, ಹೇಳಬೇಡಿರಿ. ಕಳೆದದ್ದನ್ನು ಬಿಡಿಸಿಕೊಡುತ್ತೇನೆಂದು ಶುಲ್ಕ ಕೇಳುವವನು ಎರಡನೆಯ ಕಳ್ಳ. ಮೋಸವಾದರೆ ನಾಚಿಕೆ ಪಡದೆ ತಕ್ಷಣ 1930 ನಂಬರಿಗೆ ಫೋನ್ ಮಾಡಿರಿ.

ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿರಿ: ಈ ಹಣ ಮುಟ್ಟದಿದ್ದರೆ ನಾನು ಯಾರ ಬಾಗಿಲು ತಟ್ಟಲಿ? ಹೆಸರು, ಊರು, ಕಾನೂನು ಮೂರೂ ಸಿಕ್ಕರೆ ಮುಂದುವರಿಯಿರಿ. ಸಿಗದಿದ್ದರೆ ಆ ಸೇತುವೆ ಬಿಟ್ಟುಬಿಡಿರಿ. ಗೋವೆಯವರಿಗೆ ತಟ್ಟಲು ಒಂದು ಬಾಗಿಲಿತ್ತು, ಆದ್ದರಿಂದ ಮೂವತ್ತು ವರ್ಷ ತಟ್ಟಿದರು, ಕೊನೆಗೆ ತೆರೆಯಿತು.